ವಿಷವೂ ಔಷಧವೂ

ವಿಷವೆಂದೊಡನೆ ಮನುಷ್ಯನು ಹಿಂದೆಗೆಯುವನು, ಔಷಧವೆಂದೊಡನೆ ಕೈಚಾಚುವನು. ಇವೆರಡೂ ಬೇರೆ ಬೇರೆ ಜಾತಿಯ ವಸ್ತುಗಳೆಂದೂ, ಒಂದಿರುವ ಕಡೆ ಮತ್ತೊಂದಕ್ಕೆ ಎಡೆಯಿಲ್ಲವೆಂದೂ ಲೋಕದ ನಂಬಿಕೆ. ಚರಕಸಂಹಿತೆಯಾದರೋ ತನ್ನ ಸೂತ್ರಸ್ಥಾನದ ಮೊದಲನೆಯ ಅಧ್ಯಾಯದಲ್ಲಿಯೇ ಈ ನಂಬಿಕೆಯನ್ನು ತಿದ್ದಿದೆ. ಬಲ್ಲವನ ಕೈಯಲ್ಲಿ ಘೋರವಾದ ವಿಷವೂ ರೋಗಿಯನ್ನು ಕಾಯುವುದೆಂದೂ, ಅರಿಯದವನ ಕೈಯಲ್ಲಿ ಒಳ್ಳೆಯ ಔಷಧವೇ ಅವನನ್ನು ಕೆಡಿಸುವುದೆಂದೂ ಅಲ್ಲಿಯ ತಾತ್ಪರ್ಯ. ಪಾಠಶಾಲೆಯ ಚಾಪೆಯ ಮೇಲೆ ಕುಳಿತು ಈ ಮಾತನ್ನು ಒಪ್ಪುವುದು ಸುಲಭ. ಅದೇ ಮಾತು ಮನೆಯ ಬಾಗಿಲಿಗೆ ಬಂದು ನಿಂತಾಗ ಒಪ್ಪುವುದು ಎಷ್ಟು ಕಠಿನವೆಂಬುದಕ್ಕೆ ಹೊಳಲ್ಕೆರೆಯ ಒಂದು ಕುಟುಂಬದ ವೃತ್ತಾಂತವು ಸಾಕ್ಷಿಯಾಗಿದೆ.

ಆ ಮನೆಯ ಯಜಮಾನರು ಮೂವತ್ತೈದು ವರ್ಷಗಳ ಕಾಲ ಸಂಸ್ಕೃತವನ್ನೂ ಕನ್ನಡವನ್ನೂ ಬೋಧಿಸಿ ವಿಶ್ರಾಂತರಾದ ಪಂಡಿತರು. ಅಮರಕೋಶದ ಮೂರು ಕಾಂಡಗಳೂ ಅವರಿಗೆ ಕಂಠಸ್ಥ. ಅರ್ಥ ತಿಳಿಯದ ಶಬ್ದವೊಂದು ಎದುರಾದರೆ ಊರಿನವರು ನಿಘಂಟನ್ನು ತೆರೆಯುವುದಕ್ಕೆ ಬದಲಾಗಿ ಅವರ ಮನೆಯ ಜಗಲಿಯನ್ನೇರುವುದು ವಾಡಿಕೆ. ಪ್ರತಿದಿನವೂ ಬೆಳಗಿನ ಜಾವದಲ್ಲಿ ಎದ್ದು, ಮಿಂದು, ಬಯಲು ಗಣಪತಿಯ ಸನ್ನಿಧಿಗೆ ಹೋಗಿ ಬಂದ ಮೇಲೆಯೇ ಅವರಿಗೆ ಕಾಫಿ. ಮಗ ಬೆಂಗಳೂರಿನಲ್ಲಿ ಉದ್ಯೋಗಸ್ಥ. ಮಗಳನ್ನು ಹೊಸದುರ್ಗಕ್ಕೆ ಕೊಟ್ಟಿದೆ. ಪಂಡಿತರ ತಮ್ಮನು ಅಕಾಲದಲ್ಲಿ ತೀರಿಕೊಂಡುದರಿಂದ ಅವನ ಒಬ್ಬನೇ ಮಗನನ್ನು ಈ ದಂಪತಿಗಳೇ ಸಾಕಿ, ಬಿ.ಎ. ವರೆಗೆ ಓದಿಸಿದರು. ಆತನು ಉದ್ಯೋಗಕ್ಕೆ ಅಲೆಯದೆ ಹಿರಿಯೂರಿನ ಕಡೆಯ ತನ್ನ ಪಾಲಿನ ಹೊಲದಲ್ಲಿ ದಾಳಿಂಬೆಯ ತೋಟ ಮಾಡಿಕೊಂಡು ಅಲ್ಲಿಯೇ ನೆಲಸಿದ್ದನು.

2022ನೆಯ ವರ್ಷದಲ್ಲಿ ಹಿರಿಯೂರು ಸೀಮೆಯ ಜನರಿಗೆ ಅಪೂರ್ವವಾದ ಸಂಭ್ರಮವೊಂದು ಒದಗಿತು. ಮಾರಿಕಣಿವೆಯ ವಾಣೀವಿಲಾಸ ಸಾಗರವು 1933ರಲ್ಲಿ ಒಮ್ಮೆ ತುಂಬಿ ಕೋಡಿ ಬಿದ್ದುದನ್ನು ಬಿಟ್ಟರೆ ಮತ್ತೆ ಬಿದ್ದಿರಲಿಲ್ಲ. ಎಂಬತ್ತೊಂಬತ್ತು ವರ್ಷಗಳ ತರುವಾಯ ಆ ಸೆಪ್ಟೆಂಬರಿನಲ್ಲಿ ಅದು ಎರಡನೆಯ ಸಲ ಕೋಡಿ ಹರಿಯಿತು. ನೆಲದಲ್ಲಿ ತೇವ ನಿಂತಿತು. ಬಾವಿಗಳಲ್ಲಿ ನೀರು ಕಂಡಿತು. ದಾಳಿಂಬೆಯ ಗಿಡಗಳು ಚೆನ್ನಾಗಿ ಹೂವಿಟ್ಟುವು. ಹೂವಿನೊಡನೆ ಹುಳುವೂ ಬಂದಿತು. ಮರುವರ್ಷದ ಬೇಸಿಗೆಯ ಒಂದು ಮಧ್ಯಾಹ್ನ, ಆಳುಗಳು ಬಾರದಿದ್ದುದರಿಂದ, ಹುಡುಗನು ತಾನೇ ಬೆನ್ನಿಗೆ ಪಂಪು ಕಟ್ಟಿಕೊಂಡು ಔಷಧಿ ಹೊಡೆಯಲಾರಂಭಿಸಿದನು. ಬೆಳೆಗೆ ಹೊಡೆಯುವ ಈ ವಿಷಕ್ಕೆ ನಮ್ಮ ರೈತರು ‘ಔಷಧಿ’ ಎಂದೇ ಹೆಸರಿಟ್ಟಿರುವುದು ಗಮನಾರ್ಹ. ಮುಖಕ್ಕೆ ಬಟ್ಟೆಯಿಲ್ಲ, ಕೈಗೆ ಚೀಲವಿಲ್ಲ. ಪಂಪಿನ ಮುಚ್ಚಳ ಸಡಿಲವಾಗಿ ದ್ರವವು ಬೆನ್ನಿನ ಮೇಲೆ ಸೋರುತ್ತಿದ್ದಿತು. ಗಾಳಿಯೂ ಎದುರಿನಿಂದ ಬೀಸುತ್ತಿದ್ದಿತು.

ಎರಡು ಘಂಟೆಗಳ ಒಳಗಾಗಿ ಆತನ ಮೈಯೆಲ್ಲ ಬೆವರಿಟ್ಟಿತು. ಬಾಯಿಂದ ಜೊಲ್ಲೂ ಕಣ್ಣಿನಿಂದ ನೀರೂ ಧಾರೆಯಾಗಿ ಸುರಿದುವು. ವಾಂತಿಯಾಯಿತು, ತೊಡೆ ತೋಳುಗಳ ಮಾಂಸಖಂಡಗಳು ತಮ್ಮಷ್ಟಕ್ಕೆ ತಾವೇ ಅದುರತೊಡಗಿದುವು, ಉಸಿರು ಗೊರಗೊರನೆಂದಿತು. ನೆರೆಯ ತೋಟದವರು ಆತನನ್ನು ಕಾರಿನಲ್ಲಿ ಮಲಗಿಸಿ ಚಿತ್ರದುರ್ಗದ ಆಸ್ಪತ್ರೆಗೆ ತಂದರು. ವೈದ್ಯರು ಮೊದಲು ನೋಡಿದುದು ಕಣ್ಣಿನ ಪಾಪೆಯನ್ನು. ಅದು ಸೂಜಿಯ ಮೊನೆಯಷ್ಟು ಕಿರಿದಾಗಿದ್ದಿತು. ಒಡನೆಯೇ ಉಟ್ಟ ಬಟ್ಟೆಗಳನ್ನೆಲ್ಲ ತೆಗೆಸಿ, ಮೈಯನ್ನು ಸೋಪು ನೀರಿನಿಂದ ತೊಳೆಯಿಸಿ, ಆಟ್ರೋಪಿನ್ ಎಂಬ ಔಷಧವನ್ನು ಕೆಲವು ನಿಮಿಷಗಳಿಗೊಮ್ಮೆ ಪ್ರಮಾಣವನ್ನು ಇಮ್ಮಡಿಸುತ್ತ, ಎದೆಯ ನೀರು ಆರಿ ಉಸಿರು ತಿಳಿಯಾಗುವ ವರೆಗೆ ರಕ್ತನಾಳಕ್ಕೆ ಕೊಡುತ್ತ ಹೋದರು. ಜೊತೆಗೆ ಪ್ರಾಲಿಡಾಕ್ಸಿಮ್ ಎಂಬ ಮತ್ತೊಂದನ್ನೂ ಕೊಟ್ಟರು. ಆಟ್ರೋಪಿನ್ ಎಂಬುದು ನಮ್ಮ ದಾರಿಯ ಬದಿಯಲ್ಲಿ ಬೆಳೆಯುವ, ದನಗಳೂ ಬಾಯಿ ಹಾಕದ ದತ್ತೂರದ ಗಿಡದಲ್ಲಿರುವ ಸತ್ವ. ಒಂದು ವಿಷವು ಹೀಗೆ ಮತ್ತೊಂದು ವಿಷವನ್ನು ಅಟ್ಟಿತು. ಹತ್ತನೆಯ ದಿನ ಹುಡುಗನು ಎದ್ದು ಮನೆಗೆ ಬಂದನು. ಆಸ್ಪತ್ರೆಯವರು ಕೊಟ್ಟ ಕಾಗದದಲ್ಲಿ, ರಕ್ತಪರೀಕ್ಷೆಯ ಸಾಲಿನಲ್ಲಿ, ಆತನು ಹಿಂದೆಂದೂ ಕಾಣದ ಶಬ್ದವೊಂದಿದ್ದಿತು: ಕೋಲಿನೆಸ್ಟರೇಸ್. ಅದು ದೇಹದಲ್ಲಿರುವ ಒಂದು ಕಿಣ್ವವೆಂದೂ, ಕೀಟನಾಶಕವು ಅದನ್ನು ಕಟ್ಟಿಹಾಕಿದುದರಿಂದಲೇ ಇಷ್ಟೆಲ್ಲ ಆಯಿತೆಂದೂ ವೈದ್ಯರು ತಿಳಿಸಿದರು. ಆ ಕಾಗದವನ್ನು ಆತನು ಮಡಿಸಿ ಪೆಟ್ಟಿಗೆಯಲ್ಲಿ ಇಟ್ಟುಕೊಂಡನು.

ಅದೇ ಕಾಲದಲ್ಲಿ ಹೊಳಲ್ಕೆರೆಯ ಮನೆಯಲ್ಲಿ ಮತ್ತೊಂದು ವ್ಯಥೆ ಸದ್ದಿಲ್ಲದೆ ಬೆಳೆಯುತ್ತಿದ್ದಿತು. ಪಂಡಿತರು ಕೇಳಿದುದನ್ನೇ ಮತ್ತೆ ಕೇಳುವರು. ಉಂಡುದನ್ನು ಮರೆತು ಎಲೆಯ ಮುಂದೆ ಮತ್ತೆ ಕುಳಿತುಕೊಳ್ಳುವರು. ವಯಸ್ಸು ಎಂಬತ್ತನ್ನು ಸಮೀಪಿಸಿದ್ದುದರಿಂದ ಎಲ್ಲರೂ ‘ಅರಳುಮರಳು’ ಎಂದು ಹೇಳಿ ಸುಮ್ಮನಾದರು. ಒಂದು ದಿನ ಬೆಳಿಗ್ಗೆ ಬಯಲು ಗಣಪತಿಗೆ ನಮಸ್ಕರಿಸಿ ಹಿಂದಿರುಗುವಾಗ, ಅರವತ್ತು ವರ್ಷ ನಡೆದ ದಾರಿಯು ಅವರಿಗೆ ಕಾಣದೆ ಹೋಯಿತು. ಅವರಲ್ಲಿ ಓದಿದ್ದ ಅಂಗಡಿಯವನೊಬ್ಬನು, ಮೇಷ್ಟರು ಬೀದಿಯ ನಡುವೆ ದಿಕ್ಕು ತೋಚದೆ ನಿಂತಿರುವುದನ್ನು ಕಂಡು, ಕೈಹಿಡಿದು ಮನೆಗೆ ಕರೆತಂದನು. ಆ ದಿನ ಪಂಡಿತರು ಯಾರೊಡನೆಯೂ ಮಾತನಾಡಲಿಲ್ಲ. ಸಾಯಂಕಾಲ ಹೆಂಡತಿಯನ್ನು ಹತ್ತಿರಕ್ಕೆ ಕರೆದು, “ನನ್ನೊಳಗೆ ಏನೋ ಕಳೆದುಹೋಗುತ್ತಿದೆ, ಏನೆಂಬುದೇ ನನಗೆ ತಿಳಿಯದು” ಎಂದರು. ಆಕೆಯು ಮಗನಿಗೆ ಹೇಳಿ ಕಳುಹಿಸಿದಳು.

ಬೆಂಗಳೂರಿನಲ್ಲಿ ನರರೋಗತಜ್ಞರು ಅವರನ್ನು ಪರೀಕ್ಷಿಸಿದರು. ಇದು ಬರಿಯ ಮುಪ್ಪಲ್ಲವೆಂದೂ, ಜರ್ಮನಿಯ ಆಲ್ಜೈಮರ್ ಎಂಬ ವೈದ್ಯನು 1906ರಲ್ಲಿ ಮೊದಲಾಗಿ ವರ್ಣಿಸಿದ, ಅವನ ಹೆಸರನ್ನೇ ಹೊತ್ತಿರುವ ರೋಗವೆಂದೂ ನಿರ್ಣಯಿಸಿದರು. ಈ ಬಗೆಯ ಮರೆವಿನ ರೋಗಗಳು ವಿರಳವಲ್ಲ. ಭಾರತದಲ್ಲಿ 60 ವರ್ಷ ದಾಟಿದವರಲ್ಲಿ ನೂರಕ್ಕೆ 7.4ರಷ್ಟು ಮಂದಿಗೆ ಇವು ಇರುವುವೆಂದು 2023ರಲ್ಲಿ ಪ್ರಕಟವಾದ ಸಮೀಕ್ಷೆಯು ಅಂದಾಜು ಮಾಡಿದೆ. ವೈದ್ಯರು ಡೊನೆಪೆಜಿಲ್ ಎಂಬ ಮಾತ್ರೆಯನ್ನು, ರಾತ್ರಿ ಮಲಗುವಾಗ 5 ಮಿಲಿಗ್ರಾಂನಂತೆ ಕೊಡಲು ಬರೆದುಕೊಟ್ಟರು.

ಊರಿಗೆ ಬಂದ ದಿನವೇ ವಿವಾದ ಹುಟ್ಟಿತು. ದೊಡ್ಡಪ್ಪನನ್ನು ನೋಡಲು ಬಂದಿದ್ದ ಹುಡುಗನು ಮಾತ್ರೆಯ ಪೆಟ್ಟಿಗೆಯೊಳಗಿನ ಕಾಗದವನ್ನು ಬಿಡಿಸಿ ಓದುತ್ತ ಓದುತ್ತ ಬಿಳಿಚಿಕೊಂಡನು. ತನ್ನ ಆಸ್ಪತ್ರೆಯ ಕಾಗದದಲ್ಲಿದ್ದ ಶಬ್ದವೇ ಅದರಲ್ಲಿಯೂ ಇದ್ದಿತು. ಈ ಔಷಧದ ಕೆಲಸವು ಕೋಲಿನೆಸ್ಟರೇಸ್ ಕಿಣ್ವವನ್ನು ತಡೆಯುವುದು ಎಂದು ಅಲ್ಲಿ ಅಚ್ಚಾಗಿದ್ದಿತು.

“ದೊಡ್ಡಮ್ಮ, ಇದನ್ನು ದೊಡ್ಡಪ್ಪನಿಗೆ ಕೊಡಕೂಡದು. ತೋಟದಲ್ಲಿ ನನ್ನ ಉಸಿರು ಕಟ್ಟಿಸಿದ್ದೂ ಇದೇ ಜಾತಿಯದು. ನಾನು ಪಟ್ಟದ್ದನ್ನು ನೀವು ನೋಡಿದ್ದೀರಿ” ಎಂದನು.

ಬೆಂಗಳೂರಿನ ಮಗನು ದೂರವಾಣಿಯಲ್ಲಿ, ದೊಡ್ಡ ವೈದ್ಯರು ತಿಳಿಯದೆ ಬರೆಯುವರೇ ಎಂದು ರೇಗಿದನು. ಹೊಸದುರ್ಗದ ಮಗಳು ಅತ್ತಳು. ಪೆಟ್ಟಿಗೆಯು ದೇವರ ಮನೆಯ ಗೂಡಿನಲ್ಲಿ ನಾಲ್ಕು ದಿನ ಹಾಗೆಯೇ ಉಳಿಯಿತು.

ಹುಡುಗನ ಶಂಕೆಯು ನಗತಕ್ಕುದಲ್ಲ. ಈ ಔಷಧವರ್ಗದ ಪೂರ್ವೋತ್ತರವೇ ಅಂತಹುದು. ಪಶ್ಚಿಮ ಆಫ್ರಿಕದಲ್ಲಿ, ಈಗಿನ ನೈಜೀರಿಯಾ ದೇಶಕ್ಕೆ ಸೇರಿದ ಕಲಬಾರ್ ಪ್ರಾಂತದಲ್ಲಿ, ಒಂದು ಬಳ್ಳಿಯ ಬೀಜವಿದೆ. ಅಲ್ಲಿಯ ಎಫಿಕ್ ಜನರು ಅಪರಾಧದ ಸಂಶಯವುಳ್ಳವನಿಗೆ ಆ ಬೀಜವನ್ನು ತಿನ್ನಿಸುತ್ತಿದ್ದರು. ವಾಂತಿ ಮಾಡಿಕೊಂಡು ಬದುಕಿದವನು ನಿರ್ದೋಷಿ, ಸತ್ತವನು ದೋಷಿ. ನಮ್ಮ ಧರ್ಮಶಾಸ್ತ್ರಗಳಲ್ಲಿ ತುಲೆ, ಅಗ್ನಿ, ಜಲಗಳೊಡನೆ ಹೇಳಿರುವ ವಿಷದಿವ್ಯವನ್ನು ಬಲ್ಲವರಿಗೆ ಇದು ಅಪರಿಚಿತವೆನಿಸದು. ಎಡಿನ್‌ಬರೋ ನಗರದ ಕ್ರಿಸ್ಟಿಸನ್ ಎಂಬ ಪಂಡಿತನು ಈ ಬೀಜದ ತುಣುಕನ್ನು ತಾನೇ ತಿಂದು ನೋಡಿ, ಕೈಕಾಲುಗಳ ಬಲ ಉಡುಗಲು, ಕ್ಷೌರಕ್ಕೆ ಬಳಸಿದ್ದ ನೀರನ್ನೇ ಕುಡಿದು ವಾಂತಿ ಮಾಡಿಕೊಂಡು ಉಳಿದನು. ತನ್ನ ಅನುಭವವನ್ನು 1855ರಲ್ಲಿ ಪ್ರಕಟಿಸಿದನು. 1864ರಲ್ಲಿ ಜರ್ಮನಿಯ ರಸಾಯನಜ್ಞರು ಬೀಜದ ಸಾರವನ್ನು ಬೇರ್ಪಡಿಸಿ ಫೈಸೋಸ್ಟಿಗ್ಮಿನ್ ಎಂದು ಹೆಸರಿಟ್ಟರು. 1870ರ ದಶಕದಲ್ಲಿ ಅದು ಕಣ್ಣಿನೊಳಗಿನ ಒತ್ತಡವೇರಿ ದೃಷ್ಟಿ ಹೋಗುವ ಗ್ಲಾಕೋಮಾ ರೋಗಕ್ಕೆ ಮದ್ದಾಯಿತು.

ಅದು ಹೇಗೆ ಕೆಲಸ ಮಾಡುವುದೆಂಬುದು ತಿಳಿಯಲು ಬಹುಕಾಲ ಹಿಡಿಯಿತು. 1921ರಲ್ಲಿ ಆಟ್ಟೋ ಲೋವಿ ಎಂಬ ವಿಜ್ಞಾನಿಯು ಕಪ್ಪೆಯ ಹೃದಯವೊಂದನ್ನು ದ್ರವದಲ್ಲಿಟ್ಟು, ಅದರ ಬಡಿತವನ್ನು ನಿಧಾನಗೊಳಿಸುವ ನರವನ್ನು ಕೆಣಕಿದನು; ಆ ದ್ರವವನ್ನು ಇನ್ನೊಂದು ಹೃದಯಕ್ಕೆ ಹಾಕಿದನು. ನರದ ಸಂಬಂಧವಿಲ್ಲದ ಆ ಎರಡನೆಯ ಹೃದಯವೂ ನಿಧಾನವಾಯಿತು. ನರವು ತನ್ನ ಆಜ್ಞೆಯನ್ನು ಒಂದು ರಸದ ಮೂಲಕ ಕಳುಹಿಸುವುದೆಂದು ಇದರಿಂದ ಸಿದ್ಧವಾಯಿತು. ಆ ರಸವೇ ಅಸಿಟೈಲ್‌ಕೋಲಿನ್. ಆಜ್ಞೆ ಮುಟ್ಟಿದ ಕ್ಷಣದಲ್ಲಿಯೇ ಅದನ್ನು ಒಡೆದು ತೆಗೆಯುವ ಕಿಣ್ವವೇ ಕೋಲಿನೆಸ್ಟರೇಸ್. ಕಲಬಾರ್ ಬೀಜದ ಸಾರವು ಆ ಕಿಣ್ವವನ್ನು ತಡೆಯುವುದೆಂಬುದನ್ನೂ ಲೋವಿಯೇ 1926ರಲ್ಲಿ ತೋರಿಸಿದನು. ಆತನಿಗೂ ಇಂಗ್ಲೆಂಡಿನ ಹೆನ್ರಿ ಡೇಲ್ ಮಹಾಶಯನಿಗೂ 1936ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ಅದೇ ವರ್ಷದಲ್ಲಿಯೇ ಜರ್ಮನಿಯ ಶ್ರಾಡರ್ ಎಂಬ ರಸಾಯನಜ್ಞನು ಹುಳುಗಳನ್ನು ಕೊಲ್ಲುವ ರಂಜಕಸಂಯುಕ್ತಗಳನ್ನು ಹುಡುಕುತ್ತ, ಮನುಷ್ಯರನ್ನೂ ಕೊಲ್ಲಬಲ್ಲ ಟ್ಯಾಬುನ್ ಎಂಬ ಯುದ್ಧವಿಷವನ್ನು ಕಂಡುಹಿಡಿದನು. ಹಿರಿಯೂರಿನ ತೋಟದಲ್ಲಿ ಪಂಪಿನಿಂದ ಸೋರಿದ ದ್ರವವು ಆ ಕುಲಕ್ಕೇ ಸೇರಿದುದು.

ಅದೇ ಬುಡದ ಮತ್ತೊಂದು ಕವಲು ಮಾತ್ರ ಫಲ ಕೊಟ್ಟಿತು. 1934ರಲ್ಲಿ ಲಂಡನ್ನಿನ ಗ್ರೀನಿಚ್ ಭಾಗದ ಆಸ್ಪತ್ರೆಯೊಂದರಲ್ಲಿದ್ದ ಮೇರಿ ವಾಕರ್ ಎಂಬ ವೈದ್ಯೆಯು, ರೆಪ್ಪೆಯೆತ್ತಲೂ ಅನ್ನ ನುಂಗಲೂ ಬಲವಿಲ್ಲದೆ ಸೊರಗುವ ಮಯಸ್ತೀನಿಯ ಎಂಬ ಸ್ನಾಯುರೋಗವು, ಅಮೆರಿಕದ ಬೇಡರು ಬಾಣಕ್ಕೆ ಹಚ್ಚುವ ಕುರಾರೆ ವಿಷದ ಲಕ್ಷಣಗಳನ್ನೇ ಹೋಲುವುದೆಂದು ಊಹಿಸಿ, ಆ ವಿಷಕ್ಕೆ ಪ್ರತಿಯಾದ ಫೈಸೋಸ್ಟಿಗ್ಮಿನನ್ನು ರೋಗಿಗೆ ಚುಚ್ಚಿದಳು. ಮುಚ್ಚಿದ್ದ ರೆಪ್ಪೆಗಳು ಮೇಲೆದ್ದುವು. ಅದರ ಸೋದರವಾದ ನಿಯೋಸ್ಟಿಗ್ಮಿನ್ ಇಂದು ಶಸ್ತ್ರಚಿಕಿತ್ಸೆಯ ಕೊನೆಯಲ್ಲಿ ಸಡಿಲಗೊಳಿಸಿದ ಸ್ನಾಯುಗಳನ್ನು ಎಚ್ಚರಿಸಲು ಬಳಕೆಯಲ್ಲಿದೆ. ನಾಗರಹಾವು ಕಚ್ಚಿ ರೆಪ್ಪೆಗಳು ಜೋತುಬಿದ್ದವನಿಗೂ, ಹಾವಿನ ವಿಷಕ್ಕೆ ಪ್ರತಿಯಾದ ಸೀರಮ್ಮನ್ನು ಕೊಡುವುದರೊಡನೆ, ವೈದ್ಯರು ಇದನ್ನು ಆಟ್ರೋಪಿನ್ ಸಮೇತವಾಗಿ ಕೊಡುವುದುಂಟು. ಕಟ್ಟುಹಾವಿನ ವಿಷವು ನರದ ತುದಿಯನ್ನೇ ಕೆಡಿಸುವುದರಿಂದ ಅಲ್ಲಿ ಇದರ ಪ್ರಯೋಜನವು ಅತ್ಯಲ್ಪ.

ನಾಲ್ಕು ದಿನಗಳಾದ ಮೇಲೆ ದೊಡ್ಡಮ್ಮನೇ ಒಂದು ತೀರ್ಮಾನಕ್ಕೆ ಬಂದಳು. “ನಿನ್ನನ್ನು ಉಳಿಸಿದರಲ್ಲ, ಆ ಡಾಕ್ಟರನ್ನೇ ಕೇಳೋಣ. ಅವರಿಗೆ ಎರಡರ ಗುಟ್ಟೂ ಗೊತ್ತಿರಬೇಕು” ಎಂದು ಹುಡುಗನನ್ನೂ ಪಂಡಿತರನ್ನೂ ಕರೆದುಕೊಂಡು ಚಿತ್ರದುರ್ಗಕ್ಕೆ ಹೋದಳು.

ವೈದ್ಯರು ಕಾಗದವೆರಡನ್ನೂ ಮೇಜಿನ ಮೇಲೆ ಒಟ್ಟಿಗಿಟ್ಟು ನೋಡಿದರು. “ನಿನ್ನ ಅನುಮಾನ ಸರಿಯಾದುದೇ” ಎಂದು ಹುಡುಗನಿಗೆ ಹೇಳಿ, “ನಿಮ್ಮ ಕಡೆ ಅಡಕೆ ತೋಟಗಳಲ್ಲಿ ಬಸಿಗಾಲುವೆ ತೆಗೆಯುತ್ತಾರಲ್ಲವೆ?” ಎಂದು ಕೇಳಿದರು. ಹೊಳಲ್ಕೆರೆಯ ತೋಟದಲ್ಲಿ ಬಾಲ್ಯದಿಂದಲೂ ಬಸಿಗಾಲುವೆಯ ಹೂಳೆತ್ತಿದ್ದ ಹುಡುಗನು ಹೌದೆಂದನು.

“ನೀರು ಹಾಯಿಸುವ ಕಾಲುವೆ ನರ ಎನ್ನು. ಬಸಿಗಾಲುವೆ ಈ ಕಿಣ್ವ. ಹೆಚ್ಚಾದ ನೀರನ್ನು ಅದು ಹೊರಗೆ ಒಯ್ಯುತ್ತದೆ. ನಿನ್ನ ಮೈಯಲ್ಲಿ ನೀರು ತುಂಬಿ ಹರಿಯುತ್ತಿತ್ತು. ಆ ವಿಷ ಬಂದು ಎಲ್ಲ ಬಸಿಗಾಲುವೆಗಳನ್ನೂ ಗಾರೆ ಹಾಕಿ ಮುಚ್ಚಿತು. ತೋಟ ಮುಳುಗಿತು. ಗಾರೆ ಒಡೆಯುವುದಿಲ್ಲ; ಮೈ ಹೊಸ ಕಾಲುವೆ ತೋಡಿಕೊಳ್ಳಬೇಕು, ಅದಕ್ಕೆ ವಾರಗಟ್ಟಲೆ ಬೇಕು. ನಿಮ್ಮ ದೊಡ್ಡಪ್ಪನವರ ತಲೆಯಲ್ಲಿ ಆಗಿರುವುದು ಬೇರೆ. ಅಲ್ಲಿ ನೀರು ಬರುವ ಕಾಲುವೆಯೇ ಬತ್ತುತ್ತಿದೆ. ಬರುವ ಅಷ್ಟಿಷ್ಟನ್ನೂ ಬಸಿಗಾಲುವೆ ಎಳೆದೊಯ್ದರೆ ಗಿಡಕ್ಕೆ ಏನು ಉಳಿಯಿತು? ಈ ಮಾತ್ರೆ ಬಸಿಗಾಲುವೆಗೆ ಸೋಗೆ ಅಡ್ಡ ಇಟ್ಟ ಹಾಗೆ. ಸ್ವಲ್ಪ ತಡೆಯುತ್ತದೆ. ಬೇಡವೆಂದರೆ ತೆಗೆಯಬಹುದು.”

ದೊಡ್ಡಮ್ಮನು ಕೇಳಿದ ಪ್ರಶ್ನೆ ಒಂದೇ: “ಬತ್ತಿದ ಕಾಲುವೆ ಮತ್ತೆ ಹರಿಯುತ್ತದೆಯೇ ಡಾಕ್ಟರೇ?”

“ಇಲ್ಲ ತಾಯಿ. ಅದು ಬತ್ತುತ್ತಲೇ ಹೋಗುತ್ತದೆ. ಇದು ರೋಗವನ್ನು ವಾಸಿ ಮಾಡುವ ಮದ್ದಲ್ಲ. ಕೆಲವರಿಗೆ ಕೆಲವು ಕಾಲ ಇರುವುದನ್ನು ಕೊಂಚ ಹಿಡಿದಿಡುತ್ತದೆ. ಕೆಲವರಿಗೆ ಅದೂ ಇಲ್ಲ.”

ಈ ಮಾತಿನಲ್ಲಿ ಕೂಡಿಸಿದುದಾಗಲಿ ಕಳೆದುದಾಗಲಿ ಏನೂ ಇರಲಿಲ್ಲ. ಆಲ್ಜೈಮರ್ ರೋಗದಲ್ಲಿ ಅಸಿಟೈಲ್‌ಕೋಲಿನನ್ನು ಉಂಟುಮಾಡುವ ನರಕೋಶಗಳು ನಶಿಸುವುವೆಂಬುದು 1970ರ ದಶಕದಲ್ಲಿ ತಿಳಿದುಬಂದಿತು. ಅದಕ್ಕಾಗಿ ಅಮೆರಿಕದಲ್ಲಿ 1993ರಲ್ಲಿ ಅಂಗೀಕೃತವಾದ ಮೊದಲನೆಯ ಔಷಧ ಟ್ಯಾಕ್ರಿನ್. ಯಕೃತ್ತಿಗೆ ಹಾನಿಕರವಾದುದರಿಂದ ಅದು ಮೂಲೆ ಸೇರಿತು. 1996ರಲ್ಲಿ ಡೊನೆಪೆಜಿಲ್ ಬಂದಿತು. ಅದನ್ನು ರಚಿಸಿದ ತಂಡದ ಮುಖಂಡನಾದ ಜಪಾನಿನ ಹಚಿರೋ ಸುಗಿಮೊಟೊ ಎಂಬಾತನ ತಾಯಿಯೂ ಮರೆವಿನ ರೋಗಕ್ಕೆ ತುತ್ತಾಗಿ, ಎದುರಿಗೆ ನಿಂತ ಮಗನನ್ನು ಗುರುತಿಸದಾಗಿದ್ದಳು. ತರುವಾಯ ರಿವಾಸ್ಟಿಗ್ಮಿನ್, ಗ್ಯಾಲಂಟಮಿನ್ ಎಂಬ ಮತ್ತೆರಡು ಬಂದುವು. ಇವು ಯಾವುವೂ ರೋಗದ ಬೇರನ್ನು ಮುಟ್ಟುವುದಿಲ್ಲ.

ವೈದ್ಯರು ಪಂಡಿತರ ನಾಡಿಯನ್ನು ಎಣಿಸಿ, ಹೃದಯದ ಗತಿಯ ಚಿತ್ರವನ್ನು ತೆಗೆಯಿಸಿ ನೋಡಿದರು. ಉಬ್ಬಸವುಂಟೇ, ಹೊಟ್ಟೆಯಲ್ಲಿ ಹುಣ್ಣುಂಟೇ ಎಂದು ವಿಚಾರಿಸಿದರು. ನೆಗಡಿಗೆಂದೋ ಮೂತ್ರದ ಬಾಧೆಗೆಂದೋ ಅಂಗಡಿಯಿಂದ ಮಾತ್ರೆ ತಂದು ಕೊಡಬಾರದೆಂದೂ, ಅವುಗಳಲ್ಲಿ ಕೆಲವು ದತ್ತೂರದಂತೆ ವರ್ತಿಸಿ ಈ ಔಷಧದ ಫಲವನ್ನೇ ಅಳಿಸಿ ಮರೆವನ್ನು ಹೆಚ್ಚಿಸುವುವೆಂದೂ ಎಚ್ಚರಿಸಿದರು. ಹಿಂದಿರುಗುವಾಗ ದಾರಿಯುದ್ದಕ್ಕೂ ದೊಡ್ಡಮ್ಮನು ಏನೊಂದನ್ನೂ ಆಡಲಿಲ್ಲ. ಮನೆಗೆ ಬಂದು ಕೈಕಾಲು ತೊಳೆದು, ಗೂಡಿನಿಂದ ಪೆಟ್ಟಿಗೆಯನ್ನು ತೆಗೆದು, “ವಾಸಿಯಾಗುತ್ತದೆ ಎಂದಿದ್ದರೆ ನಾನು ನಂಬುತ್ತಿರಲಿಲ್ಲ. ಆಗುವುದಿಲ್ಲ ಎಂದರು, ಅದಕ್ಕೇ ನಂಬಿಕೆ ಬಂತು” ಎಂದಳು. ಆ ರಾತ್ರಿ ನೀರಿನ ಲೋಟವನ್ನು ತಂದುಕೊಟ್ಟವನು ಹುಡುಗನೇ.

ಮೊದಲ ವಾರ ಪಂಡಿತರಿಗೆ ಓಕರಿಕೆ ಬಂದಿತು, ರಾತ್ರಿ ವಿಚಿತ್ರವಾದ ಕನಸುಗಳು ಬಿದ್ದುವು. ಅವು ತಾವಾಗಿ ನಿಂತುವು. ಎರಡು ತಿಂಗಳಾದ ಮೇಲೆ ಪ್ರಮಾಣವನ್ನು 10 ಮಿಲಿಗ್ರಾಂಗೆ ಏರಿಸಿದಾಗ ಒಂದು ಬೆಳಿಗ್ಗೆ ಎದ್ದು ನಿಂತವರು ತಲೆಸುತ್ತಿ ಬಾಗಿಲನ್ನು ಹಿಡಿದುಕೊಂಡರು, ನಾಡಿಯು ಮಂದವಾಗಿದ್ದಿತು. ವೈದ್ಯರು ಮತ್ತೆ 5ಕ್ಕೆ ಇಳಿಸಿದರು. ಹುಡುಗನ ಭಯವು ಪೂರ್ತಿ ನಿರಾಧಾರವಾಗಿರಲಿಲ್ಲವೆಂಬುದು ಆಗ ಎಲ್ಲರಿಗೂ ಮನವರಿಕೆಯಾಯಿತು. ಹಿತಮಿತಗಳೊಳಗೆ ಇರುವ ವರೆಗೆ ಮಾತ್ರ ಅದು ಔಷಧ.

ಲಾಭವೇನಾಯಿತೆಂದರೆ ಎಣಿಸಿ ಹೇಳುವಷ್ಟೇ ಆಯಿತು. ಉಂಡಿರುವೆನೆಂಬುದು ನೆನಪಿರುವುದು. ಜಗಲಿಗೆ ಬಂದವರೊಡನೆ ಒಂದು ಶಬ್ದದ ವಿಚಾರವಾಗಿ ಕಾಲು ಘಂಟೆ ಮಾತನಾಡುವರು. ಗಣಪತಿಯ ಸನ್ನಿಧಿಗೆ ಒಬ್ಬರನ್ನೇ ಬಿಡುವಂತಿಲ್ಲ. ಆ ಅಂಗಡಿಯವನ ಮಗನು ಜೊತೆಗೆ ಹೋಗುವನು. ಹೀಗೆ ಒಂದು ವರ್ಷ ಕಳೆಯಿತು. ಹುಡುಗನೂ ತನ್ನ ತೋಟದಲ್ಲಿ ಗಾಳಿಯ ದಿಕ್ಕು ನೋಡದೆ, ಕೈಚೀಲವೂ ಮುಖವಾಡವೂ ಇಲ್ಲದೆ ಯಾರನ್ನೂ ಔಷಧಿ ಹೊಡೆಯಲು ಬಿಡುತ್ತಿರಲಿಲ್ಲ. ‘ಔಷಧಿ’ ಎಂಬ ಮಾತನ್ನೂ ಆತನು ಬಿಟ್ಟನು. ‘ವಿಷ’ ಎಂದೇ ಹೇಳುವನು.

2025ರ ಜನವರಿಯಲ್ಲಿ ವಾಣೀವಿಲಾಸ ಸಾಗರವು ಮೂರನೆಯ ಸಲ ಕೋಡಿ ಬಿದ್ದಿತು. ಹುಡುಗನು ದೊಡ್ಡಪ್ಪ ದೊಡ್ಡಮ್ಮಂದಿರನ್ನು ಕಾರಿನಲ್ಲಿ ಕರೆದೊಯ್ದನು. ಹೊಸದುರ್ಗದಿಂದ ಮಗಳೂ ಬಂದಳು. ಎರಡು ಗುಡ್ಡಗಳ ನಡುವಣ ಆ ಕಟ್ಟೆಯನ್ನೂ ಹರಿಯುವ ನೀರನ್ನೂ ಪಂಡಿತರು ಬಹಳ ಹೊತ್ತು ನೋಡಿದರು. ಆಮೇಲೆ, 1933ರಲ್ಲಿ ತಮ್ಮ ತಂದೆಯವರು ಗಾಡಿ ಕಟ್ಟಿಕೊಂಡು ಕೋಡಿ ನೋಡಲು ಬಂದುದು, ಎತ್ತುಗಳು ನೀರಿನ ಸದ್ದಿಗೆ ಬೆದರಿದುದು, ಬುತ್ತಿಯನ್ನು ಯಾವ ಮರದ ನೆರಳಿನಲ್ಲಿ ಬಿಚ್ಚಿದುದು, ಎಲ್ಲವನ್ನೂ ತಂದೆಯು ಹೇಳಿದ್ದಂತೆಯೇ ಒಂದೂ ಬಿಡದೆ ಹೇಳಿದರು. ಹೇಳಿ ಮುಗಿಸಿ ಹುಡುಗನ ಭುಜದ ಮೇಲೆ ಕೈಯಿಟ್ಟು, ತೀರಿಹೋದ ತಮ್ಮನ ಹೆಸರು ಹಿಡಿದು, “ನಿನಗೂ ನೆನಪಿದೆಯಲ್ಲವೇನೋ?” ಎಂದು ಕೇಳಿದರು.

ಮಗಳು ತಿದ್ದಲು ಬಾಯಿ ತೆರೆದಳು. ಹುಡುಗನು ಬೇಡವೆಂದು ಕಣ್ಸನ್ನೆ ಮಾಡಿ, “ನೆನಪಿದೆ” ಎಂದನು.

ಸಂಜೆ ಮನೆಗೆ ಬಂದ ಮೇಲೆ ದೊಡ್ಡಮ್ಮನು ಯಥಾಪ್ರಕಾರವಾಗಿ ಮಾತ್ರೆಯನ್ನು ಅಂಗೈಯಲ್ಲಿಟ್ಟುಕೊಂಡು ಬಂದಳು. ಪಂಡಿತರು ಅದು ಏನೆಂದು ಕೇಳಿದರು. ಆಕೆಯು ದಿನವೂ ಹೇಳುವಂತೆಯೇ ಅಂದೂ ಹೇಳಿದಳು. ಅವರು ನುಂಗಿ ಮಲಗಿದರು.